‘ಸರ್ವರ್ ಡೌನ್’ ಎಂಬ ಎರಡು ಪದದ ಹಿಂದೆ: ಸರ್ಕಾರಿ ಕಂಪ್ಯೂಟರ್‌ಗೆ ವೈರಸ್ ಬಿದ್ದರೆ ನಷ್ಟ ಯಾರಿಗೆ?

2023ರ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಮಂಗಳೂರಿನ ಹಲವರ ಮೊಬೈಲ್‌ಗೆ ಬ್ಯಾಂಕಿನಿಂದ ಒಂದೇ ಬಗೆಯ ಮೆಸೇಜ್ ಬಂತು. ಖಾತೆಯಿಂದ ಹಣ ಹೋಗಿದೆ ಎಂದು. ಯಾರೂ ಒಟಿಪಿ ಕೇಳಿರಲಿಲ್ಲ, ಯಾರೂ ಲಿಂಕ್ ಒತ್ತಿರಲಿಲ್ಲ, ಎಟಿಎಂ ಕಾರ್ಡ್ ಜೇಬಿನಲ್ಲೇ ಇತ್ತು. ಬ್ಯಾಂಕಿಗೆ ಹೋಗಿ ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ಹಣ ಹೋದದ್ದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ, ಅಂದರೆ ಅವರದೇ ಹೆಬ್ಬೆರಳಿನ ಗುರುತು ಕೊಟ್ಟು, ಎಲ್ಲೋ ದೂರದ ಊರಿನಲ್ಲಿ. ಬೆರಳು ಮಾತ್ರ ಅವರ ಕೈಯಲ್ಲೇ ಇತ್ತು.

ಪೊಲೀಸರು ದೂರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಒಂದು ವಿಷಯ ಎದ್ದು ಕಂಡಿತು. ದೂರು ಕೊಟ್ಟವರಲ್ಲಿ ಹೆಚ್ಚಿನವರು ಸ್ವಲ್ಪ ದಿನದ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿದ್ದವರು. ಜಾಗ ಕೊಂಡವರು, ಮಾರಿದವರು, ಬಾಡಿಗೆ ಕರಾರು ಮಾಡಿಸಿದವರು. ಅಲ್ಲಿ ಕೊಟ್ಟ ಹೆಬ್ಬೆಟ್ಟು ಮತ್ತು ಆಧಾರ್ ಸಂಖ್ಯೆ ಎರಡೂ ನೋಂದಣಿ ಪತ್ರದಲ್ಲಿತ್ತು. ಆ ಪತ್ರ ರಾಜ್ಯ ಸರ್ಕಾರದ ‘ಕಾವೇರಿ’ ತಂತ್ರಾಂಶದಲ್ಲಿತ್ತು. ಕೊನೆಗೆ ಮಂಗಳೂರು ಪೊಲೀಸರು ಬಿಹಾರ ಮೂಲದ ಮೂವರನ್ನು ಬಂಧಿಸಿದರು. ನೋಂದಣಿ ದಾಖಲೆಗಳಲ್ಲಿನ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಮರೆಮಾಡುವ ಕೆಲಸಕ್ಕೆ ಇಲಾಖೆ ಕೈಹಾಕಿದ್ದು ಇಷ್ಟೆಲ್ಲ ಆದಮೇಲೆ.

ಇಲ್ಲಿ ಗಮನಿಸಬೇಕಾದ್ದು, ಇದು ಮೊದಲ ಸಲ ಆದದ್ದಲ್ಲ. 2018ರಲ್ಲೇ ಪಕ್ಕದ ತೆಲಂಗಾಣದಲ್ಲಿ ಒಬ್ಬ ಸಿಮ್ ಕಾರ್ಡ್ ವ್ಯಾಪಾರಿ ಅಲ್ಲಿನ ನೋಂದಣಿ ಇಲಾಖೆಯ ವೆಬ್‌ಸೈಟ್‌ನಿಂದ ದಾಖಲೆ ಇಳಿಸಿಕೊಂಡು, ಅದರಲ್ಲಿದ್ದ ಹೆಬ್ಬೆಟ್ಟನ್ನು ರಬ್ಬರ್‌ನಲ್ಲಿ ಅಚ್ಚು ತೆಗೆದು ಸಾವಿರಾರು ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಎಚ್ಚರಿಕೆಯ ಗಂಟೆ ಅಂದೇ ಹೊಡೆದಿತ್ತು. ಐದು ವರ್ಷ ಬಿಟ್ಟು ಅದೇ ತೂತಿನಿಂದ ಮಂಗಳೂರಿನವರ ಹಣ ಹೋಯಿತು.

ಕಟ್ಟುನಿಟ್ಟಾಗಿ ಹೇಳುವುದಾದರೆ ಮಂಗಳೂರಿನದ್ದು ವೈರಸ್ ದಾಳಿ ಅಲ್ಲ. ಬೀಗ ಒಡೆಯುವ ಅಗತ್ಯವೇ ಇಲ್ಲದಂತೆ ಬಾಗಿಲು ತೆರೆದಿಟ್ಟದ್ದು. ಆದರೆ ಸರ್ಕಾರಿ ಕಂಪ್ಯೂಟರ್‌ಗಳ ಸುರಕ್ಷತೆ ಎಂಬ ಮಾತು ಬಂದಾಗ ಅಣುಸ್ಥಾವರ, ಸೇನೆ, ವಿದೇಶಿ ಬೇಹುಗಾರರು ಎಂದು ದೊಡ್ಡ ದೊಡ್ಡ ಸುದ್ದಿ ಓದಿ ಮರೆಯುವ ಸಾಮಾನ್ಯ ಜನರಿಗೆ, ಈ ವಿಷಯ ತಮ್ಮ ಪಾಸ್‌ಬುಕ್‌ವರೆಗೂ ಬರುತ್ತದೆ ಎಂದು ತೋರಿಸಿದ ಪ್ರಕರಣ ಇದು. ಆದ್ದರಿಂದ ಇಲ್ಲಿಂದಲೇ ಶುರು ಮಾಡಬೇಕು.

ಒತ್ತೆಯಾಳಾಗುವ ಕಡತ

ಈಗ ನಿಜವಾದ ವೈರಸ್ ವಿಷಯಕ್ಕೆ ಬರೋಣ. 2016ರ ಮೇ ತಿಂಗಳಲ್ಲಿ ಮುಂಬೈನ ಮಂತ್ರಾಲಯದಲ್ಲಿ, ಅಂದರೆ ಮಹಾರಾಷ್ಟ್ರದ ವಿಧಾನಸೌಧ ಎನ್ನಬಹುದಾದ ಕಟ್ಟಡದಲ್ಲಿ, ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಯ ಸುಮಾರು 150 ಕಂಪ್ಯೂಟರ್‌ಗಳು ‘ಲಾಕಿ’ ಎಂಬ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿದವು. ರ‍್ಯಾನ್ಸಮ್ ಎಂದರೆ ಒತ್ತೆಹಣ. ಈ ಜಾತಿಯ ವೈರಸ್ ಕಡತವನ್ನು ಅಳಿಸುವುದಿಲ್ಲ, ಕದ್ದೊಯ್ಯಲೇಬೇಕೆಂದೂ ಇಲ್ಲ. ಇದ್ದ ಜಾಗದಲ್ಲೇ ಗೂಢಲಿಪಿಯಾಗಿ ಬದಲಾಯಿಸಿ ಬೀಗ ಹಾಕುತ್ತದೆ. ಬೀಗದ ಕೈ ಬೇಕಾದರೆ ಬಿಟ್‌ಕಾಯಿನ್‌ನಲ್ಲಿ ಹಣ ಕೊಡಿ ಎಂದು ಪರದೆಯ ಮೇಲೆ ನೋಟಿಸ್ ಹಚ್ಚುತ್ತದೆ. ಲಾಕಿ ಹರಡುತ್ತಿದ್ದ ಸಾಮಾನ್ಯ ದಾರಿ ಇಮೇಲ್. ಬಿಲ್ ಎಂದೋ ಇನ್‌ವಾಯ್ಸ್ ಎಂದೋ ಹೆಸರಿಟ್ಟ ವರ್ಡ್ ಕಡತ. ತೆರೆದು ‘ಎನೇಬಲ್’ ಎಂದು ಒತ್ತಿದರೆ ಮುಗಿಯಿತು.

ಐದು ವರ್ಷದ ನಂತರ, 2021ರ ಮಾರ್ಚ್ 21ರಂದು, ಅದೇ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮ, ಎಲ್ಲರ ಬಾಯಲ್ಲಿ ಎಂಐಡಿಸಿ, ಇನ್ನೊಂದು ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿತು. ಮುಂಬೈನ ಮುಖ್ಯ ಕಚೇರಿ ಮತ್ತು ರಾಜ್ಯದ 16 ಪ್ರಾದೇಶಿಕ ಕಚೇರಿಗಳ ಕೆಲಸಕ್ಕೆ ಪೆಟ್ಟು ಬಿತ್ತು. ನೌಕರರು ಮರುದಿನ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ನಿಂದ ಕಳಚಿಟ್ಟರು. 500 ಕೋಟಿ ರೂಪಾಯಿ ಕೇಳಿದ್ದಾರೆ ಎಂದು ಸುದ್ದಿ ಹಬ್ಬಿತು. ಬಂದ ಸಂದೇಶದಲ್ಲಿ ಮೊತ್ತವೇ ಇರಲಿಲ್ಲ ಎಂದು ನಿಗಮ ಹೇಳಿತು. ಆಂಟಿವೈರಸ್ ಇರಲಿಲ್ಲವೇ? ಇತ್ತು. ಹೆಸರಾಂತ ಕಂಪನಿಯದ್ದೇ ಇತ್ತು. ಆದರೆ ಆ ದಿನ ಬಂದ ವೈರಸ್‌ನ ಗುರುತು ಆಂಟಿವೈರಸ್‌ನ ಪಟ್ಟಿಯಲ್ಲಿ ಇರಲಿಲ್ಲ. ಕಳ್ಳನ ಫೋಟೊ ಇದ್ದರೆ ಮಾತ್ರ ಹಿಡಿಯುವ ಕಾವಲುಗಾರ, ಹೊಸ ಕಳ್ಳನಿಗೆ ಸಲಾಂ ಹೊಡೆದು ಒಳಗೆ ಬಿಡುತ್ತಾನೆ.

ಮುಂಬೈ ಮಾತು ಕೇಳಿ ‘ಅದು ದೂರದ ಊರು’ ಎನ್ನುವ ಹಾಗಿಲ್ಲ. ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿ ಶಿರೂರ ಅನಂತಪಾಳ ಎಂಬ ತಾಲೂಕು ಇದೆ. ಕರಾವಳಿಯ ಓದುಗರು ಆ ಹೆಸರು ಕೇಳಿರಲಿಕ್ಕಿಲ್ಲ. ಪಕ್ಕದ ನಿಲಂಗಾ, ಉದಗೀರ, ಆಚೆಗೆ ಉಮರ್ಗಾ, ಇವೆಲ್ಲ ಗಡಿಯ ಕನ್ನಡ ಇನ್ನೂ ಕಿವಿಗೆ ಬೀಳುವ ಊರುಗಳು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ನಿಲಂಗಾ, ಉದಗೀರ ಎರಡೂ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಗೆ ಸೇರಿದ್ದವು. ಗೆರೆ ಎಳೆದಾಗ ಅವು ಉಸ್ಮಾನಾಬಾದಿಗೆ ಹೋದವು, 1982ರಲ್ಲಿ ಲಾತೂರು ಜಿಲ್ಲೆಯಾಯಿತು. ಗೆರೆ ಬಿತ್ತು, ಆದರೆ ನೆಂಟಸ್ತನ, ಸಂತೆ, ಹೊಲ ಗೆರೆಯ ಎರಡೂ ಕಡೆ ಉಳಿದವು. ಅಣ್ಣನ ಜಮೀನು ಭಾಲ್ಕಿ, ಔರಾದ್ ಕಡೆ ಇದ್ದರೆ ಕರ್ನಾಟಕದ ‘ಭೂಮಿ’ ತಂತ್ರಾಂಶದಲ್ಲಿ ಪಹಣಿ. ತಮ್ಮನದ್ದು ಶಿರೂರ ಅನಂತಪಾಳದಲ್ಲಿದ್ದರೆ ಮಹಾರಾಷ್ಟ್ರದ ವೆಬ್‌ಸೈಟ್‌ನಲ್ಲಿ ಸಾತ್‌ಬಾರಾ. ಬೆಳೆ ಸಾಲ, ಬೆಳೆ ವಿಮೆ, ಪರಿಹಾರ, ಜಾತಿ ಪ್ರಮಾಣಪತ್ರ, ಏನೇ ಬೇಕಿದ್ದರೂ ಎರಡು ಸರ್ಕಾರಗಳ ಎರಡು ಸರ್ವರ್ ಎದ್ದು ನಿಂತಿರಬೇಕು. ಒಂದು ಮಲಗಿದರೂ ಅರ್ಧ ಕುಟುಂಬದ ಕೆಲಸ ನಿಂತಂತೆ. ಮುಂಬೈಯಲ್ಲಿ ಕಂದಾಯ ಇಲಾಖೆಯ ಕಂಪ್ಯೂಟರ್‌ಗೆ ಬೀಗ ಬಿದ್ದರೆ ಅದರ ಬಿಸಿ ತಲಾಠಿಯ ಕಚೇರಿ ಮುಂದೆ ಚೀಟಿ ಹಿಡಿದು ನಿಂತವನವರೆಗೂ ಬರುತ್ತದೆ.

ಇದು ಕರಾವಳಿಯ ಬ್ಯಾರಿಗಳಿಗೆ ಹೊಸತೇನಲ್ಲ. ತಲಪಾಡಿಯ ಈಚೆ ಒಬ್ಬ, ಆಚೆ ಮಂಜೇಶ್ವರ, ಉಪ್ಪಳದಲ್ಲಿ ಇನ್ನೊಬ್ಬ. ಮನೆಮಾತು ಒಂದೇ, ಸರ್ಕಾರ ಎರಡು, ಪೋರ್ಟಲ್ ಎರಡು, ಅದರಲ್ಲಿ ಒಂದರ ಭಾಷೆ ಮಲಯಾಳ. 2017ರ ಮೇ 12ರಂದು ಜಗತ್ತನ್ನೇ ನಡುಗಿಸಿದ ‘ವಾನ್ನಾಕ್ರೈ’ ಕೇರಳದಲ್ಲಿ ಮೊದಲು ಕಾಣಿಸಿಕೊಂಡದ್ದು ಎಲ್ಲಿ? ದೊಡ್ಡ ಬ್ಯಾಂಕಿನಲ್ಲಲ್ಲ, ಐಟಿ ಪಾರ್ಕಿನಲ್ಲಲ್ಲ. ವಯನಾಡಿನ ಒಂದು ಗ್ರಾಮ ಪಂಚಾಯತ್ ಕಚೇರಿಯಲ್ಲಿ, ಮತ್ತೆ ಪತ್ತನಂತಿಟ್ಟದ ಇನ್ನೊಂದು ಪಂಚಾಯತ್‌ನಲ್ಲಿ. ಬಿಡುಗಡೆಗೆ ಕೇಳಿದ್ದು ಕಂಪ್ಯೂಟರ್ ಒಂದಕ್ಕೆ 300 ಡಾಲರ್. ಪಾಲಕ್ಕಾಡ್‌ನ ರೈಲ್ವೆ ವಿಭಾಗೀಯ ಕಚೇರಿ, ಆಂಧ್ರ ಪೊಲೀಸರ ಕಂಪ್ಯೂಟರ್‌ಗಳು, ಪಶ್ಚಿಮ ಬಂಗಾಳದ ವಿದ್ಯುತ್ ಕಂಪನಿಯ ಬಿಲ್ ಕಟ್ಟುವ ಕಚೇರಿಗಳು ಕೂಡ ಅದೇ ವಾರ ಸಿಕ್ಕಿಬಿದ್ದವು.

ವಾನ್ನಾಕ್ರೈ ಕತೆಯಲ್ಲಿ ಒಂದು ವಿವರ ಇದೆ, ಅದನ್ನು ಪ್ರತಿ ಸರ್ಕಾರಿ ಕಚೇರಿಯ ಗೋಡೆಗೆ ಅಂಟಿಸಬಹುದು. ಆ ವೈರಸ್ ನುಗ್ಗಿದ್ದು ವಿಂಡೋಸ್‌ನ ಒಂದು ದೋಷದ ಮೂಲಕ. ಆ ದೋಷವನ್ನು ಮೊದಲು ಗುಟ್ಟಾಗಿ ಹುಡುಕಿ ಇಟ್ಟುಕೊಂಡದ್ದು ಅಮೆರಿಕದ ಗೂಢಚಾರ ಸಂಸ್ಥೆ. ಅದರ ಉಪಕರಣ ಕಳುವಾಗಿ ಬಯಲಿಗೆ ಬಂತು. ಆದರೆ ಮೈಕ್ರೋಸಾಫ್ಟ್ ಆ ದೋಷಕ್ಕೆ ಮಾರ್ಚ್ ತಿಂಗಳಲ್ಲೇ ಮದ್ದು ಬಿಟ್ಟಿತ್ತು! ದಾಳಿ ಆದದ್ದು ಮೇಯಲ್ಲಿ. ಎರಡು ತಿಂಗಳು ‘ಅಪ್‌ಡೇಟ್’ ಎಂಬ ಒಂದು ಗುಂಡಿ ಒತ್ತದವರೇ ಹೆಚ್ಚಾಗಿ ಸಿಕ್ಕಿಹಾಕಿಕೊಂಡರು.

ರೋಗ ಒಳಗೆ ಬರುವ ದಾರಿ

ಸಿನಿಮಾದಲ್ಲಿ ಹ್ಯಾಕರ್ ಎಂದರೆ ಕತ್ತಲೆ ಕೋಣೆ, ಹಸಿರು ಅಕ್ಷರ, ಪಟಪಟ ಕೀಬೋರ್ಡ್. ತಾಲೂಕು ಕಚೇರಿಯ ವಾಸ್ತವ ಇಷ್ಟು ರೋಮಾಂಚಕ ಅಲ್ಲ ಮಾರಾಯ್ರೆ. ಅರ್ಜಿದಾರ ಸೈಬರ್ ಸೆಂಟರ್‌ನಲ್ಲಿ ಫಾರ್ಮ್ ಸ್ಕ್ಯಾನ್ ಮಾಡಿಸುತ್ತಾನೆ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುತ್ತಾರೆ. ಆ ಸೆಂಟರ್‌ನ ಕಂಪ್ಯೂಟರ್‌ಗೆ ದಿನಕ್ಕೆ ನೂರು ಪೆನ್‌ಡ್ರೈವ್ ಚುಚ್ಚಿ ತೆಗೆದಿರುತ್ತಾರೆ. ಅದೇ ಪೆನ್‌ಡ್ರೈವ್ ಕಚೇರಿಯ ಟೇಬಲ್ ಮೇಲಿನ ಕಂಪ್ಯೂಟರ್‌ಗೆ ಹೋಗುತ್ತದೆ. ಆ ಕಂಪ್ಯೂಟರ್ ಒಳಗಿನ ನೆಟ್‌ವರ್ಕ್‌ಗೆ ಸೇರಿರುತ್ತದೆ. ಇರಾನಿನ ಅಣುಕೇಂದ್ರವನ್ನು ಹಾಳುಮಾಡಲು ಬರೆದ ‘ಸ್ಟಕ್ಸ್‌ನೆಟ್’ ಕೂಡ ಹರಡಿದ್ದು ಇಂಥ ಯುಎಸ್‌ಬಿ ಕಡ್ಡಿಯಲ್ಲೇ. 2010ರಲ್ಲಿ ಅದು ಅತಿ ಹೆಚ್ಚು ಕಂಪ್ಯೂಟರ್‌ಗಳಲ್ಲಿ ಕಂಡುಬಂದ ದೇಶಗಳ ಪಟ್ಟಿಯಲ್ಲಿ ಇರಾನ್, ಇಂಡೋನೇಷ್ಯಾದ ನಂತರ ಭಾರತ ಇತ್ತು. ಯಾರನ್ನೋ ಗುರಿ ಇಟ್ಟು ಹೊಡೆದ ಬಾಣ ದಾರಿಯಲ್ಲಿ ಸಿಕ್ಕವರಿಗೆಲ್ಲ ತಾಗಿತು.

ಇನ್ನೊಂದು ದಾರಿ ಪಾಸ್‌ವರ್ಡ್. ಅಧಿಕಾರಿಯ ಲಾಗಿನ್ ಅಧಿಕಾರಿಯ ಕೈಯಲ್ಲಿ ಇರುವುದು ಅಪರೂಪ. ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರ್‌ಗೆ ಕೊಟ್ಟು ‘ನೀನೇ ಮಾಡು ಮಾರಾಯ’ ಎನ್ನುತ್ತಾರೆ. ಅವನಿಗೆ ತಿಂಗಳ ಸಂಬಳ ಸರಿಯಾಗಿ ಬರುವುದಿಲ್ಲ, ಕೆಲಸ ಕಾಯಂ ಅಲ್ಲ, ತರಬೇತಿ ಇಲ್ಲ, ತಪ್ಪಾದರೆ ಮೊದಲು ಸಿಗುವವ ಅವನೇ. ಡಿಜಿಟಲ್ ಸಹಿಯ ಕಡ್ಡಿ ಕೂಡ ಕಂಪ್ಯೂಟರ್‌ಗೆ ಚುಚ್ಚಿದಲ್ಲೇ ಇರುತ್ತದೆ, ಬೆಳಿಗ್ಗೆಯಿಂದ ಸಂಜೆವರೆಗೆ.

ಲಾಗಿನ್ ಅಡ್ಡಾದಿಡ್ಡಿಯಾದರೆ ಏನಾಗುತ್ತದೆ ಎಂಬುದನ್ನು ಮುಸ್ಲಿಂ ಸಮುದಾಯ ಹತ್ತಿರದಿಂದ ಕಂಡಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ವಿಷಯದಲ್ಲಿ ಕೇಂದ್ರ ಸಚಿವಾಲಯ 2023ರಲ್ಲಿ 1,572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂತು. ಐದು ವರ್ಷದಲ್ಲಿ ಆದ ನಷ್ಟ 144.83 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿ, ಪ್ರಕರಣ ಸಿಬಿಐಗೆ ಹೋಯಿತು. ಅಲ್ಲಿ ವೈರಸ್ ಬೇಕಾಗಿರಲಿಲ್ಲ. ಪೋರ್ಟಲ್‌ನಲ್ಲಿ ‘ಪರಿಶೀಲಿಸಿದೆ’ ಎಂದು ಒತ್ತುವ ಹಕ್ಕು ಇದ್ದವರು ಪರಿಶೀಲಿಸದೇ ಒತ್ತಿದರು, ಅಥವಾ ಅವರ ಹೆಸರಿನಲ್ಲಿ ಬೇರೆ ಯಾರೋ ಒತ್ತಿದರು. ಅಸಲಿ ಬಡ ಮಕ್ಕಳ ಅರ್ಜಿ ‘ಪೆಂಡಿಂಗ್’ ಎಂದು ತೋರಿಸುತ್ತಾ ಕೂತಿತ್ತು.

ಮೂರನೆಯದು, ಯಂತ್ರದ ವಯಸ್ಸು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ಮುಗಿಯುವುದೆಂದರೆ ಹೊಸ ದೋಷ ಸಿಕ್ಕರೂ ಸಾಮಾನ್ಯವಾಗಿ ಮದ್ದು ಬರುವುದಿಲ್ಲ ಎಂದರ್ಥ. ವಿಂಡೋಸ್ 11 ಹಾಕಲು ಹಳೆಯ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಆಗುವುದಿಲ್ಲ. ಹೊಸ ಕಂಪ್ಯೂಟರ್ ಕೊಳ್ಳಬೇಕಾದರೆ ಟೆಂಡರ್ ಆಗಬೇಕು. ಟೆಂಡರ್ ಆಗುವ ಹೊತ್ತಿಗೆ... ಹೋಗ್ಲಿ ಬಿಡಿ.

ವಿಂಡೋಸ್ ಬಿಟ್ಟು ಲಿನಕ್ಸ್ ಹಾಕಿದರೆ ಎಲ್ಲಾ ಸರಿಯಾಗುತ್ತದೆ ಎನ್ನುವವರಿದ್ದಾರೆ. ಸ್ವಲ್ಪ ಸರಿ, ಪೂರ್ತಿ ಅಲ್ಲ. ಸರ್ಕಾರಿ ನೌಕರರು ಇಮೇಲ್‌ಗೆ ಎರಡನೇ ಬೀಗವಾಗಿ ಬಳಸುತ್ತಿದ್ದ ‘ಕವಚ್’ ಎಂಬ ಆ್ಯಪ್‌ನ ನಕಲಿಯನ್ನೇ ಮಾಡಿ ಹಂಚಿದ ಗುಂಪೊಂದಿದೆ. ಪಾಕಿಸ್ತಾನ ಮೂಲದ್ದೆಂದು ಸೈಬರ್ ಭದ್ರತಾ ಕಂಪನಿಗಳು ಹೇಳುವ ಈ ಗುಂಪು ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು ನಕಲಿ ತಯಾರಿಸಿತು. ಬೀಗವೇ ಕಳ್ಳನದ್ದಾದರೆ ಬಾಗಿಲು ಯಾವ ಮರದ್ದಾದರೇನು?

ಏಮ್ಸ್ ಹೇಳಿಕೊಟ್ಟದ್ದು, ಬೆಂಗಳೂರು ಕಂಡದ್ದು

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತವು. ಸರ್ಕಾರ ನಂತರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಐದು ಸರ್ವರ್‌ಗಳಿಗೆ ಪೆಟ್ಟಾಗಿತ್ತು, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು. ದೇಶದ ಮೂಲೆಮೂಲೆಯಿಂದ ರೈಲು ಹತ್ತಿ ಬಂದ ರೋಗಿಗಳ ಹೆಸರು, ರಕ್ತಪರೀಕ್ಷೆ, ಡಿಸ್ಚಾರ್ಜ್ ಎಲ್ಲವನ್ನೂ ವಾರಗಟ್ಟಲೆ ಕಾಗದದಲ್ಲಿ ಬರೆದರು. ತನಿಖೆ ಹೇಳಿದ ಕಾರಣ ಬಹಳ ಸರಳ: ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರಲಿಲ್ಲ. ಹಡಗಿನ ತಳದಲ್ಲಿ ಕೋಣೆ ಕೋಣೆ ಮಾಡಿ ನಡುವೆ ಗೋಡೆ ಇಡುತ್ತಾರೆ, ಒಂದರಲ್ಲಿ ತೂತಾದರೆ ಅದೊಂದರಲ್ಲಿ ಮಾತ್ರ ನೀರು ತುಂಬಲಿ ಎಂದು. ಬಂದರಿನಲ್ಲಿ ದುಡಿದ ಯಾರಿಗಾದರೂ ಇದು ಗೊತ್ತು. ಏಮ್ಸ್‌ನಲ್ಲಿ ಆ ಗೋಡೆಗಳು ಸರಿ ಇರಲಿಲ್ಲ. ಮತ್ತೆ ಬಚಾವ್ ಮಾಡಿದ್ದೇನು? ಪೆಟ್ಟಾಗದೆ ಉಳಿದ ಒಂದು ಬ್ಯಾಕಪ್ ಸರ್ವರ್. ರೋಗಿಗಳ ಮಾಹಿತಿ ಮರಳಿ ಬಂದದ್ದು ಅದರಿಂದ.

ವೈರಿ ಯಾರು ಎಂಬ ಗದ್ದಲದಲ್ಲಿ ಈ ಸರಳ ಸಂಗತಿಗಳು ಮುಳುಗಿಹೋಗುತ್ತವೆ. ಮುಂಬೈಯಲ್ಲಿ 2020ರ ಅಕ್ಟೋಬರ್ 12ರಂದು ಕರೆಂಟ್ ಹೋಗಿ ಲೋಕಲ್ ರೈಲುಗಳು ನಿಂತಾಗ ಆದದ್ದೂ ಅದೇ. ಮರು ವರ್ಷ ಅಮೆರಿಕದ ಒಂದು ಕಂಪನಿ ಚೀನಾದ ಗುಂಪು ಭಾರತದ ವಿದ್ಯುತ್ ಜಾಲಕ್ಕೆ ನುಗ್ಗಿದೆ ಎಂದು ವರದಿ ಕೊಟ್ಟಿತು. ಮಹಾರಾಷ್ಟ್ರದ ಗೃಹಸಚಿವರು ಸೈಬರ್ ದಾಳಿಯ ಸಾಧ್ಯತೆ ಇದೆ ಎಂದರು. ಕೇಂದ್ರದ ವಿದ್ಯುತ್ ಸಚಿವರು ಅದು ಮನುಷ್ಯನ ತಪ್ಪಿನಿಂದ ಆದದ್ದು ಎಂದರು. ಒಂದೇ ಕತ್ತಲೆಗೆ ಎರಡು ಸರ್ಕಾರದಿಂದ ಎರಡು ಕಾರಣ. ನಾಗರಿಕ ಯಾವುದನ್ನು ನಂಬಬೇಕು ಎಂದು ಯಾರೂ ಹೇಳಲಿಲ್ಲ.

ಕರ್ನಾಟಕದ ಲೆಕ್ಕವೂ ಚಿಕ್ಕದಲ್ಲ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಕನ್ನ ಹಾಕಿ ಗುತ್ತಿಗೆದಾರರ ಠೇವಣಿ ಮರುಪಾವತಿಗೆಂದು ಇಟ್ಟಿದ್ದ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ರಾಜ್ಯದ ಖಾತೆಗಳಿಗೆ ತಿರುಗಿಸಲಾಯಿತು. ಸರ್ಕಾರದ ಟೆಂಡರ್ ನಡೆಯುವ ಜಾಗವೇ ಅದು. ಒಂದು ವರ್ಷದ ನಂತರ ಬೇರೆ ಪ್ರಕರಣದಲ್ಲಿ ಸಿಕ್ಕಿದ ಬೆಂಗಳೂರಿನ ಹ್ಯಾಕರ್ ಮೇಲೆ ಈ ಆರೋಪವೂ ಬಂದಾಗ ಇಡೀ ವಿಷಯ ‘ಬಿಟ್‌ಕಾಯಿನ್ ಹಗರಣ’ ಎಂಬ ಹೆಸರಿನಲ್ಲಿ ಬಿಜೆಪಿ-ಕಾಂಗ್ರೆಸ್ ಜಗಳವಾಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಎಸ್‌ಐಟಿ ರಚನೆಯಾಯಿತು. ಯಾರಿಗೆ ಎಷ್ಟು ಬಿಟ್‌ಕಾಯಿನ್ ಹೋಯಿತು ಎಂದು ಟಿವಿಗಳು ತಿಂಗಳುಗಟ್ಟಲೆ ಚರ್ಚಿಸಿದವು. ಪೋರ್ಟಲ್‌ನ ಗೋಡೆಯಲ್ಲಿ ತೂತು ಎಲ್ಲಿತ್ತು, ಅದನ್ನು ಮುಚ್ಚಿದ್ದು ಯಾವಾಗ, ಅದನ್ನು ಕಾಯಬೇಕಾಗಿದ್ದವರು ಯಾರು ಎಂಬ ಪ್ರಶ್ನೆಗೆ ಅಷ್ಟು ಹೊತ್ತು ಯಾರೂ ಕೊಡಲಿಲ್ಲ.

ಕಾವೇರಿಗೆ ಇನ್ನೊಂದು ಪೆಟ್ಟು ಬಿದ್ದದ್ದು 2025ರ ಆರಂಭದಲ್ಲಿ. ಜನವರಿ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗೆ ರಾಜ್ಯದ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೋಂದಣಿ ಕುಂಟಿತು. ಮೊದಲು ಎಂದಿನಂತೆ ‘ಸರ್ವರ್ ಡೌನ್’. ಆಮೇಲೆ ಕಂದಾಯ ಇಲಾಖೆ ವಿವರ ಕೊಟ್ಟಿತು: 62 ಖಾತೆಗಳು, 14 ಐಪಿ ವಿಳಾಸಗಳು, ಎರಡು ಗಂಟೆಯಲ್ಲಿ 6.2 ಲಕ್ಷ ಕೃತಕ ಕೋರಿಕೆಗಳು. ಋಣಭಾರ ಪತ್ರ ಹುಡುಕುವ ನೆಪದಲ್ಲಿ ಯಂತ್ರಗಳು ಸರ್ವರ್‌ನ ಬಾಗಿಲು ಬಡಿಯುತ್ತಲೇ ಇದ್ದವು. ಮದುವೆ ಮನೆಯ ಊಟದ ಸಾಲಿನಲ್ಲಿ ಹೊಟ್ಟೆ ಇಲ್ಲದ ಸಾವಿರ ಗೊಂಬೆ ತಂದು ನಿಲ್ಲಿಸಿದ ಹಾಗೆ. ಹಸಿದವನಿಗೆ ತಟ್ಟೆ ಸಿಗಲಿಲ್ಲ. ಕಂದಾಯ ಸಚಿವ ಕೃಷ್ಣ ಬೈರೇಗೌಡರ ಇಲಾಖೆ ಸೈಬರ್ ಪೊಲೀಸರಿಗೆ ದೂರು ಕೊಟ್ಟಿತು. ಸಂಖ್ಯೆ ಸಮೇತ ಜನರ ಮುಂದೆ ಹೇಳಿದ್ದು ಒಳ್ಳೆಯ ಬೆಳವಣಿಗೆ, ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಜಾಗದ ವ್ಯವಹಾರಕ್ಕೆಂದೇ ಗಲ್ಫ್‌ನಿಂದ ಹತ್ತು ದಿನದ ರಜೆ ಹಾಕಿ ಬಂದವನಿಗೆ ಆ ಹತ್ತು ದಿನದಲ್ಲಿ ನೋಂದಣಿ ಆಗದಿದ್ದರೆ ಟಿಕೆಟ್‌ನ ಹಣ ವಾಪಸ್ ಕೊಡುವವರು ಯಾರು?

ಉತ್ತರ ಕೊಡಬೇಕಾದವರು

ಸರ್ಕಾರಿ ಸಂಸ್ಥೆಗಳಿಗೆ ಸಂಬಂಧಿಸಿದ ಸೈಬರ್ ಘಟನೆಗಳ ಸಂಖ್ಯೆಯನ್ನು ಕೇಂದ್ರ ಸರ್ಕಾರವೇ ಸಂಸತ್ತಿನಲ್ಲಿ ಹೇಳಿದೆ. 2021ರಲ್ಲಿ 48,285. 2022ರಲ್ಲಿ 1,92,439. 2023ರಲ್ಲಿ 2,04,844. ಎರಡು ವರ್ಷದಲ್ಲಿ ನಾಲ್ಕು ಪಟ್ಟು. ಇದರಲ್ಲಿ ಸ್ವಲ್ಪ ಪಾಲು ವರದಿ ಮಾಡುವುದು ಕಡ್ಡಾಯವಾದದ್ದರಿಂದಲೂ ಏರಿರಬಹುದು, ಏಕೆಂದರೆ ಯಾವುದೇ ಸಂಸ್ಥೆ ದಾಳಿ ಗೊತ್ತಾದ ಆರು ಗಂಟೆಯೊಳಗೆ ತಿಳಿಸಬೇಕು ಎಂದು ಸೈಬರ್ ತುರ್ತು ಸಂಸ್ಥೆ ‘ಸರ್ಟ್-ಇನ್’ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿತ್ತು. ಏನೇ ಇರಲಿ, ಎರಡು ಲಕ್ಷ ಎಂಬುದು ಸಣ್ಣ ಸಂಖ್ಯೆಯಲ್ಲ.

ನಿಯಮಗಳು ಇಲ್ಲವೇ ಎಂದರೆ, ಧಾರಾಳ ಇವೆ. ಸರ್ಕಾರಿ ಕಡತವನ್ನು ಗೂಗಲ್ ಡ್ರೈವ್‌ನಲ್ಲಿ ಇಡಬೇಡಿ, ಕ್ಯಾಮ್‌ಸ್ಕ್ಯಾನರ್‌ನಂಥ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಬೇಡಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ನೌಕರರಿಗೆ ಹೇಳಿದೆ. 2023ರ ಜೂನ್‌ನಲ್ಲಿ ಸರ್ಕಾರಿ ಸಂಸ್ಥೆಗಳಿಗೆಂದೇ ಸರ್ಟ್-ಇನ್ ಮಾರ್ಗಸೂಚಿ ಹೊರಡಿಸಿದೆ. ಕರ್ನಾಟಕ ಸರ್ಕಾರ 2024ರ ಆಗಸ್ಟ್‌ನಲ್ಲಿ ತನ್ನದೇ ಸೈಬರ್ ಭದ್ರತಾ ನೀತಿ ಪ್ರಕಟಿಸಿದೆ. ಕಾಗದದಲ್ಲಿ ಕೊರತೆ ಇಲ್ಲ. ಕೊರತೆ ಇರುವುದು ನಿಯಮ ಮುರಿದು ಮಾಹಿತಿ ಸೋರಿದಾಗ ನಷ್ಟವಾದವನಿಗೆ ಯಾರು ಕಟ್ಟಿಕೊಡಬೇಕು ಎಂಬಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಐಟಿ ಕಾಯ್ದೆಯ 43ಎ ಕಲಂ ಪ್ರಕಾರ ಮಾಹಿತಿ ಕಾಯುವಲ್ಲಿ ನಿರ್ಲಕ್ಷ್ಯ ಮಾಡಿದರೆ ಪರಿಹಾರ ಕೊಡಬೇಕು. ಯಾರು? ‘ಬಾಡಿ ಕಾರ್ಪೊರೇಟ್’, ಅಂದರೆ ಕಂಪನಿಗಳು ಮತ್ತು ವ್ಯಾಪಾರಿ ಸಂಸ್ಥೆಗಳು. ಸಬ್ ರಿಜಿಸ್ಟ್ರಾರ್ ಕಚೇರಿ ಆ ಪದದೊಳಗೆ ಬರುವುದಿಲ್ಲ. ಹೋಗಲಿ, 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಇದೆಯಲ್ಲ ಎಂದರೆ, ಅದರಲ್ಲಿ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಆದರೆ ಆ ದಂಡ ಹೋಗುವುದು ಕೇಂದ್ರದ ಸಂಚಿತ ನಿಧಿಗೆ, ಹಣ ಕಳಕೊಂಡವನಿಗಲ್ಲ. ಅಷ್ಟೇ ಅಲ್ಲ, ಹಳೆಯ 43ಎ ಕಲಂ ಅನ್ನೇ ತೆಗೆದುಹಾಕುವ ವಿಧಿ ಆ ಹೊಸ ಕಾಯ್ದೆಯಲ್ಲಿದೆ. ಸರ್ಕಾರದ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಿ ಕಾಯ್ದೆಯಿಂದ ಹೊರಗಿಡುವ ಅಧಿಕಾರವನ್ನೂ ಕೇಂದ್ರ ಇಟ್ಟುಕೊಂಡಿದೆ. ಖಾಸಗಿ ಆಸ್ಪತ್ರೆಯಿಂದ ಮಾಹಿತಿ ಸೋರಿದರೆ ಕೇಳಲು ಒಂದು ದಾರಿ, ಸರ್ಕಾರಿ ಕಚೇರಿಯಿಂದ ಸೋರಿದರೆ ಕೈಮುಗಿದು ಮನೆಗೆ ಬರುವ ದಾರಿ. ಆದರೆ ಸರ್ಕಾರಿ ಕಚೇರಿಗೆ ಹೆಬ್ಬೆಟ್ಟು ಕೊಡದೆ ಇರುವ ಆಯ್ಕೆ ಮಾತ್ರ ಜನರಿಗಿಲ್ಲ. ಅಂಗಡಿ ಬದಲಾಯಿಸಬಹುದು, ತಾಲೂಕು ಕಚೇರಿ ಬದಲಾಯಿಸಲಾಗದು.

ಇನ್ನು ಮಾಹಿತಿ ಹಕ್ಕು. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸರ್ಟ್-ಇನ್ ಸಂಸ್ಥೆಯನ್ನು ಆರ್‌ಟಿಐ ಕಾಯ್ದೆಯ ಎರಡನೇ ಅನುಸೂಚಿಗೆ ಸೇರಿಸಿತು. ಗುಪ್ತಚರ ಸಂಸ್ಥೆಗಳ ಸಾಲಿಗೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ವಿಷಯ ಬಿಟ್ಟರೆ ಇನ್ನು ಅದಕ್ಕೆ ಪ್ರಶ್ನೆ ಕೇಳುವ ಹಾಗಿಲ್ಲ. ದಾಳಿ ಆದ ಸಂಸ್ಥೆಗಳು ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ಹೇಳಬೇಕು, ಸರ್ಟ್-ಇನ್ ಮಾತ್ರ ಜನರಿಗೆ ಏನೂ ಹೇಳಬೇಕಾಗಿಲ್ಲ. ತನಿಖೆಯ ಗುಟ್ಟು ಬಯಲು ಮಾಡಬೇಕೆಂದು ಯಾರೂ ಕೇಳುತ್ತಿಲ್ಲ. ವಿಮಾನ ಬಿದ್ದರೆ ಯಾಕೆ ಬಿತ್ತು ಎಂಬ ವರದಿ ಹೊರಬರುತ್ತದೆ. ಮಂಗಳೂರಿನವರಿಗೆ 2010ರ ಮೇ 22 ನೆನಪಿದೆ, ಬಜ್ಪೆ ದುರಂತದ ವರದಿಯೂ ನೆನಪಿದೆ. ಅದನ್ನು ಓದಿ ಬೇರೆ ಪೈಲಟ್‌ಗಳು ಕಲಿಯುತ್ತಾರೆ. ಮಂತ್ರಾಲಯದ 150 ಕಂಪ್ಯೂಟರ್‌ಗಳು ಯಾಕೆ ಬಿದ್ದವು ಎಂದು ಅಂಥ ವರದಿ ಬಂದಿದ್ದರೆ ಎಂಐಡಿಸಿ ಕಲಿಯುತ್ತಿತ್ತೋ ಏನೋ. ತೆಲಂಗಾಣದ ರಬ್ಬರ್ ಬೆರಳಿನ ಪಾಠ ಬೆಂಗಳೂರಿಗೆ ತಲುಪಿದ್ದರೆ ಮಂಗಳೂರಿನವರ ಹಣ ಉಳಿಯುತ್ತಿತ್ತು.

ಹಣ ಹೋದವರ ಪಾಡು ನೋಡಿ. ಮನೆ ಮಂಗಳೂರಿನಲ್ಲಿ, ದಾಖಲೆ ಬೆಂಗಳೂರಿನ ಸರ್ವರ್‌ನಲ್ಲಿ, ಹಣ ತೆಗೆದದ್ದು ಉತ್ತರ ಭಾರತದ ಯಾವುದೋ ಹಳ್ಳಿಯ ಬ್ಯಾಂಕ್ ಮಿತ್ರನ ಯಂತ್ರದಲ್ಲಿ. ಶಿರೂರ ಅನಂತಪಾಳದ ಕನ್ನಡಿಗನಿಗಾದರೆ ಇದರ ಮೇಲೆ ಮರಾಠಿಯಲ್ಲಿ ದೂರು ಬರೆಯುವ ಕಷ್ಟ, ಉಪ್ಪಳದವನಿಗೆ ಮಲಯಾಳದಲ್ಲಿ. ಮೂರನೇ ವ್ಯಕ್ತಿಯ ತಪ್ಪಿನಿಂದ ಹಣ ಹೋಗಿ, ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಇದನ್ನು ಮುದ್ರಿಸಿ ಜೇಬಿನಲ್ಲಿ ಇಟ್ಟುಕೊಂಡು ಬ್ಯಾಂಕಿಗೆ ಹೋಗುವುದು ಒಳ್ಳೆಯದು, ಏಕೆಂದರೆ ಕೌಂಟರ್‌ನಲ್ಲಿ ‘ನಿಮ್ಮದೇ ಬೆರಳು, ನೀವೇ ಕೊಟ್ಟಿರಬೇಕು’ ಎನ್ನುವವರು ಸಿಗುತ್ತಾರೆ. 1930ಕ್ಕೆ ಕರೆ ಮಾಡಲು ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಎಷ್ಟು ಬೇಗ ಕರೆ ಹೋಗುತ್ತದೋ ಹಣ ಅಷ್ಟು ಹತ್ತಿರದಲ್ಲಿ ತಡೆಯಲು ಸಾಧ್ಯ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಠಾಣೆಯ ವ್ಯಾಪ್ತಿ ನೋಡದೆ ಎಫ್‌ಐಆರ್ ದಾಖಲಿಸುವ ಅವಕಾಶವೂ ಇದೆ. ಎಂಆಧಾರ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿ ಇಡಬಹುದು, ಬೇಕಾದಾಗ ಮಾತ್ರ ತೆರೆಯಬಹುದು. ರೇಷನ್‌ಗೆ ಬೆರಳು ಕೊಡಬೇಕಾದ ಮನೆಯ ಉಮ್ಮನಿಗೆ ಪ್ರತಿ ತಿಂಗಳು ಲಾಕ್ ತೆಗೆದು ಹಾಕುವುದು ಹೇಗೆ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮನೆಯಲ್ಲಿ ಮೊಬೈಲ್ ಗೊತ್ತಿರುವ ಮಕ್ಕಳೇ ಗತಿ.

ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೈಬರ್ ಸೆಕ್ಯುರಿಟಿ ಓದುವ ಹುಡುಗ ಹುಡುಗಿಯರು ಈಗ ಕಡಿಮೆ ಇಲ್ಲ. ಅವರಲ್ಲಿ ಯಾರಿಗಾದರೂ ಸರ್ಕಾರಿ ವೆಬ್‌ಸೈಟ್‌ನಲ್ಲಿ ದೋಷ ಕಣ್ಣಿಗೆ ಬಿದ್ದರೆ ಹೇಳಲು ಹೆದರಿಕೆ. ಐಟಿ ಕಾಯ್ದೆಯ 66ನೇ ಕಲಂ ಅನುಮತಿ ಇಲ್ಲದೆ ಒಳಹೊಕ್ಕವನಿಗೆ ಮೂರು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಒಳ್ಳೆಯ ಉದ್ದೇಶಕ್ಕೆ ನೋಡಿದೆ ಎಂದು ವಾದಿಸುವುದು ಆಮೇಲಿನ ಮಾತು, ಅದರಲ್ಲೂ ಮುಸ್ಲಿಂ ಹೆಸರಿನ ಹುಡುಗನೊಬ್ಬ ಸರ್ಕಾರಿ ಸರ್ವರ್ ಪರೀಕ್ಷೆ ಮಾಡುತ್ತಿದ್ದ ಎಂದರೆ ಕೆಲವು ಟಿವಿ ಚಾನೆಲ್‌ಗಳಲ್ಲಿ ಏನು ಸುದ್ದಿಯಾದೀತು ಎಂದು ಊಹಿಸಲು ಕಷ್ಟವಿಲ್ಲ. ದೋಷ ಕಂಡವರು ತಾವೇ ಒಳಗೆ ಕೈಹಾಕದೆ, ಏನನ್ನೂ ಇಳಿಸಿಕೊಳ್ಳದೆ, ಕಂಡಷ್ಟನ್ನು ಸರ್ಟ್-ಇನ್‌ಗೆ ಬರೆದು ತಿಳಿಸಲು ವ್ಯವಸ್ಥೆ ಇದೆ. ಅದನ್ನೇ ಬಳಸಬೇಕು.

ಇನ್ನೊಂದು ದಾರಿ ಕಂಪ್ಯೂಟರ್ ಗೊತ್ತಿಲ್ಲದವರಿಗೂ ತೆರೆದಿದೆ. ಸರ್ಟ್-ಇನ್ ಆರ್‌ಟಿಐನಿಂದ ಹೊರಗೆ ಹೋದರೂ ತಾಲೂಕು ಕಚೇರಿ, ಪಂಚಾಯತ್, ನಗರಪಾಲಿಕೆ, ನೋಂದಣಿ ಇಲಾಖೆ ಹೋಗಿಲ್ಲ. ಅರ್ಜಿ ಶುಲ್ಕ 10 ರೂಪಾಯಿ. ನಿಮ್ಮ ಕಚೇರಿಯಲ್ಲಿ ಎಷ್ಟು ಕಂಪ್ಯೂಟರ್‌ಗಳು ಬೆಂಬಲ ಮುಗಿದ ವಿಂಡೋಸ್‌ನಲ್ಲಿ ಓಡುತ್ತಿವೆ, ಮಾಹಿತಿ ಭದ್ರತೆಯ ಹೊಣೆ ಹೊತ್ತ ಅಧಿಕಾರಿಯ ಹುದ್ದೆ ಯಾವುದು, ಕೊನೆಯ ಭದ್ರತಾ ಆಡಿಟ್ ನಡೆದ ತಾರೀಕು ಯಾವುದು, ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ ಆಗುತ್ತದೆ. ಈ ನಾಲ್ಕು ಪ್ರಶ್ನೆಯನ್ನು ಮಂಗಳೂರಿನಲ್ಲಿ ಕನ್ನಡದಲ್ಲಿ ಕೇಳಬಹುದು, ನಿಲಂಗಾದಲ್ಲಿ ಮರಾಠಿಯಲ್ಲಿ, ಮಂಜೇಶ್ವರದಲ್ಲಿ ಮಲಯಾಳದಲ್ಲಿ. 8(1)(ಎ) ಕಲಂ ತೋರಿಸಿ ‘ಭದ್ರತೆಯ ಕಾರಣ ಕೊಡಲಾಗದು’ ಎಂದು ಕೆಲವರು ಉತ್ತರಿಸಬಹುದು. ಆದರೆ ಆಡಿಟ್‌ನ ತಾರೀಕು ಹೇಳಿದರೆ ದೇಶದ ಭದ್ರತೆಗೆ ಯಾವ ಧಕ್ಕೆ ಎಂದು ಮೇಲ್ಮನವಿಯಲ್ಲಿ ಕೇಳಲು 30 ದಿನದ ಕಾಲಾವಕಾಶ ಇದೆ.